ಹಣ್ಣಿನ ಊರಿನಲ್ಲಿ ಅರ್ಧ ದಿನ: ಇಳಿಯುವ ಮೊದಲು, ಇಳಿದ ಮೇಲೆ

ದೂರದ ಪ್ರಯಾಣದ ನಡುವೆ ಒಂದು ಸಣ್ಣ ಊರು ಸಿಗುತ್ತದೆ. ರಸ್ತೆಯ ಎರಡೂ ಬದಿ ತೋಟ. ನೋಡಲು ಕೋಟೆ ಇಲ್ಲ, ಜಲಪಾತ ಇಲ್ಲ, ಜನಜಂಗುಳಿ ಇಲ್ಲ. ಎಷ್ಟೋ ಜನ ಗಾಡಿ ನಿಲ್ಲಿಸಿ, ದಾರಿ ಬದಿಯಲ್ಲಿ ಒಂದು ಚೀಲ ಹಣ್ಣು ಕೊಂಡು, ಎರಡು ಫೋಟೋ ತೆಗೆದು ಮುಂದೆ ಹೋಗಿಬಿಡುತ್ತಾರೆ. ಹದಿನೈದು ನಿಮಿಷಕ್ಕೆ ಊರು ಮುಗಿಯಿತು.

ಹಾಗೆ ಹೋದರೆ ದೊಡ್ಡ ನಷ್ಟ. ನಾಲ್ಕೈದು ಗಂಟೆ ಸಮಯ ಇದ್ದರೂ ಸಾಕು, ಇಂಥ ಊರು ತುಂಬಾ ಕೊಡುತ್ತದೆ. ಆದರೆ ಒಂದು ಮಾತು. ಊರು ನೋಡಬೇಕು ಅಂತ ಸುಮ್ನೆ ಸುತ್ತಬೇಡಿ. ಒಂದೇ ಒಂದು ಹಣ್ಣನ್ನು ಹಿಡಿದುಕೊಳ್ಳಿ. ಅದು ಮರದಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಮಾರುಕಟ್ಟೆಗೆ, ಅಲ್ಲಿಂದ ನಿಮ್ಮ ಚೀಲಕ್ಕೆ ಬರುವ ದಾರಿಯಲ್ಲಿ ಅದರ ಹಿಂದೆಯೇ ನಡೆಯಿರಿ. ಊರು ತಾನಾಗಿ ಕಾಣುತ್ತದೆ. ಈ ಲೇಖನ ಆ ದಾರಿಯಲ್ಲೇ ಸಾಗುತ್ತದೆ.

ಹೊರಡುವ ಮೊದಲು

ಬಸ್ಸು, ರೈಲಿನ ವೇಳೆ ನೋಡುವ ಮುಂಚೆ ಮರದ ವೇಳೆ ನೋಡಿ. ಆ ಊರಿನ ಮುಖ್ಯ ಹಣ್ಣು ಯಾವುದು, ನೀವು ಹೋಗುವ ವಾರದಲ್ಲಿ ಮರದ ಮೇಲೆ ಏನಿರುತ್ತದೆ ಅನ್ನುವುದು ಗೊತ್ತಿರಲಿ. ಹೂವೋ, ಮಿಡಿಯೋ, ಬಲಿತ ಕಾಯಿಯೋ, ಹಣ್ಣೋ, ಬರಿ ಕೊಂಬೆಯೋ? ಅದರ ಮೇಲೆ ನಿಮ್ಮ ದಿನ ನಿಂತಿದೆ.

ಭೂಮಧ್ಯರೇಖೆಯ ಉತ್ತರಕ್ಕೆ ಸೇಬಿನ ಕೊಯ್ಲು ಹೆಚ್ಚಾಗಿ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ನಡೆಯುತ್ತದೆ. ನ್ಯೂಜಿಲೆಂಡ್, ಚಿಲಿ, ದಕ್ಷಿಣ ಆಫ್ರಿಕಾ ಕಡೆ ಅದೇ ಸೇಬು ಫೆಬ್ರವರಿಯಿಂದ ಏಪ್ರಿಲ್ ಹೊತ್ತಿಗೆ ಬರುತ್ತದೆ. ಚೆರ್ರಿ ಉತ್ತರದಲ್ಲಿ ಮೇಯಿಂದ ಜುಲೈ, ದಕ್ಷಿಣದಲ್ಲಿ ನವೆಂಬರ್‌ನಿಂದ ಜನವರಿ. ಚೆರ್ರಿಯ ವಿಷಯದಲ್ಲಿ ಜಾಸ್ತಿ ಹುಷಾರಾಗಿರಿ. ಒಂದು ತೋಟದಲ್ಲಿ ಅದರ ಕೊಯ್ಲು ಕೆಲವೇ ದಿನಗಳಲ್ಲಿ ಮುಗಿದುಹೋಗುತ್ತದೆ. ಕಿತ್ತಳೆ ಜಾತಿಯ ಹಣ್ಣುಗಳಿಗೆ ಇಷ್ಟು ಅವಸರ ಇಲ್ಲ. ಹಲವು ತಳಿಗಳು ಹಣ್ಣಾದ ಮೇಲೂ ವಾರಗಟ್ಟಲೆ ಮರದಲ್ಲೇ ಚೆನ್ನಾಗಿ ನಿಲ್ಲುತ್ತವೆ.

ಒಂದೆರಡು ವಾರ ತಡವಾಯಿತು, ಕೆಳಗಿನ ಊರಿನಲ್ಲಿ ಹಣ್ಣು ಮುಗಿದಿದೆ ಅಂತಿಟ್ಟುಕೊಳ್ಳಿ. ಬೇಸರ ಬೇಡ. ಗುಡ್ಡ ಹತ್ತಿ. ಮೇಲೆ ಹೋದಷ್ಟೂ ಚಳಿ ಜಾಸ್ತಿ, ಮರ ನಿಧಾನ. ಅಮೆರಿಕದ ಕೀಟ ವಿಜ್ಞಾನಿ ಆಂಡ್ರ್ಯೂ ಹಾಪ್ಕಿನ್ಸ್ 1918ರಲ್ಲಿ ಇದಕ್ಕೆ ಒಂದು ಲೆಕ್ಕ ಕೊಟ್ಟರು. ವಸಂತದಲ್ಲಿ ಪ್ರತಿ 400 ಅಡಿ ಮೇಲೇರಿದಂತೆ ಚಿಗುರು, ಹೂವು ಸುಮಾರು 4 ದಿನ ತಡವಾಗುತ್ತವೆ ಎಂದು. ಅದು ಅಮೆರಿಕದ ಲೆಕ್ಕ. ಎಲ್ಲ ಕಡೆ ದಿನಕ್ಕೆ ದಿನ ಹೊಂದುವುದಿಲ್ಲ. ಆದರೂ ಕಣಿವೆಯಲ್ಲಿ ಉದುರಿದ ಹೂವು ಎರಡು ಸಾವಿರ ಅಡಿ ಮೇಲೆ ಇನ್ನೂ ಅರಳಿ ನಿಂತಿರುವ ಸಾಧ್ಯತೆ ಚೆನ್ನಾಗಿಯೇ ಇರುತ್ತದೆ.

ಕೊಯ್ಲಿನ ನಟ್ಟನಡುವೆ ಹೋದರೆ ನೋಡಲು ಜಾಸ್ತಿ ಸಿಗುತ್ತದೆ, ಆದರೆ ಮಾತಾಡಲು ಯಾರಿಗೂ ಬಿಡುವಿರುವುದಿಲ್ಲ. ಇರುವ ನಾಲ್ಕು ಕೋಣೆಗಳೂ ಕೂಲಿಗೆ ಬಂದವರಿಂದ ತುಂಬಿರುತ್ತವೆ. ನಾನಾದರೆ ಕೊಯ್ಲಿನ ಮೊದಲ ವಾರ ಅಥವಾ ಕೊನೆಯ ವಾರ ಆರಿಸಿಕೊಳ್ಳುತ್ತೇನೆ. ಮೊದಲ ವಾರದಲ್ಲಿ ಎಲ್ಲರ ಮುಖದಲ್ಲೂ ಒಂದು ಲವಲವಿಕೆ ಇರುತ್ತದೆ. ಕೊನೆಯ ವಾರದಲ್ಲಿ ಕೂತು ಮಾತಾಡುವಷ್ಟು ಪುರುಸೊತ್ತು ಇರುತ್ತದೆ. ಸಗಟು ಮಾರುಕಟ್ಟೆಗೆ ವಾರದ ರಜೆ ಯಾವತ್ತು ಅನ್ನುವುದನ್ನೂ ಮೊದಲೇ ವಿಚಾರಿಸಿ. ಆ ದಿನ ಇಳಿದರೆ ಅರ್ಧ ಕಥೆ ಕೈತಪ್ಪುತ್ತದೆ.

ಎಷ್ಟು ಹೊತ್ತಿಗೆ ತಲುಪಬೇಕು

ಬೆಳಕು ಹರಿಯುವ ಹೊತ್ತಿಗೆ. ಹೆಚ್ಚಿನ ಹಣ್ಣುಗಳಿಗೆ ಇದೇ ಉತ್ತರ. ರಾತ್ರಿಯ ತಂಪು ಹಣ್ಣಿನ ಒಳಗೆ ಇನ್ನೂ ಉಳಿದಿರುವಾಗ ಕಿತ್ತರೆ ಅದು ಜಾಸ್ತಿ ದಿನ ಬಾಳುತ್ತದೆ. ಬಿಸಿಲಿಗೆ ಕಾದ ಹಣ್ಣನ್ನು ಪೆಟ್ಟಿಗೆಗೆ ತುಂಬಿದರೆ ಆ ಕಾವು ಒಳಗೇ ಕೂತು ಬೇಗ ಕೆಡಿಸುತ್ತದೆ. ಸ್ಟ್ರಾಬೆರಿ, ಚೆರ್ರಿಯಂಥ ನವಿರು ಹಣ್ಣುಗಳ ಕೆಲಸ ಅದಕ್ಕೇ ನಸುಕಿನಲ್ಲಿ ಶುರುವಾಗುತ್ತದೆ. ನೀವು ಹತ್ತು ಗಂಟೆಗೆ ಹೋದರೆ ಖಾಲಿ ಸಾಲು ಕಾಣುತ್ತದೆ, ಅಷ್ಟೇ.

ಕಿತ್ತಳೆ, ನಿಂಬೆ ಜಾತಿ ಮಾತ್ರ ಬೇರೆ. ಬೆಳಗಿನ ಇಬ್ಬನಿಯಲ್ಲಿ ಇವುಗಳ ಸಿಪ್ಪೆ ನೀರು ಕುಡಿದು ಬಿಗಿದಿರುತ್ತದೆ. ಆಗ ಒತ್ತಿ ಹಿಡಿದರೆ ಸಿಪ್ಪೆಯೊಳಗಿನ ಎಣ್ಣೆಯ ಚೀಲಗಳು ಒಡೆಯುತ್ತವೆ. ಆ ಎಣ್ಣೆ ಸಿಪ್ಪೆಯನ್ನೇ ಸುಟ್ಟು ಕಲೆ ಮಾಡುತ್ತದೆ. ಅದಕ್ಕೆ ಇಬ್ಬನಿ ಆರುವವರೆಗೆ ಕಾಯುತ್ತಾರೆ. ಇಂಥ ಊರಿಗೆ ಹೋದರೆ ಮೊದಲು ಮಾರುಕಟ್ಟೆ, ಆಮೇಲೆ ತೋಟ ಅಂತ ಕ್ರಮ ತಿರುಗಿಸಿಕೊಳ್ಳಿ.

ಮಧ್ಯಾಹ್ನದ ಹೊತ್ತಿಗೆ ಊರು ಮಲಗಿದಂತೆ ಕಾಣುತ್ತದೆ. ಬಾಗಿಲು ಹಾಕಿರುತ್ತದೆ, ಬೀದಿಯಲ್ಲಿ ಯಾರೂ ಇರುವುದಿಲ್ಲ. ಊರಿನವರು ನಾಲ್ಕು ಗಂಟೆಗೆ ಎದ್ದವರು, ಅಲ್ವಾ? ಆ ಎರಡು ಗಂಟೆ ಯಾರ ಬಾಗಿಲನ್ನೂ ಬಡಿಯಬೇಡಿ, ಹಾರ್ನ್ ಹೊಡೆಯಬೇಡಿ. ನೆರಳು ನೋಡಿ ನೀವೂ ಕೂತುಕೊಳ್ಳಿ.

ತೋಟದ ಬಾಗಿಲಲ್ಲಿ

ಬೇಲಿ ಇಲ್ಲದಿದ್ದರೂ ತೋಟ ಒಬ್ಬರದ್ದೇ. ಕೇಳದೆ ಕಾಲಿಡಬೇಡಿ. ಕೇಳುವಾಗ ಹೆಚ್ಚು ಮಾತು ಬೇಕಿಲ್ಲ. "ಈ ದಾರಿಯಲ್ಲಿ ಹೋಗುತ್ತಿದ್ದೆ, ಕೊಯ್ಲು ಹೇಗೆ ಮಾಡುತ್ತೀರಿ ಅಂತ ಹತ್ತು ನಿಮಿಷ ನೋಡಬಹುದಾ?" ಅಷ್ಟು ಸಾಕು. ಹತ್ತು ನಿಮಿಷ ಅಂತ ಕೇಳಿದವರನ್ನು ಎಷ್ಟೋ ಸಲ ಅವರೇ ಒಂದು ಗಂಟೆ ನಿಲ್ಲಿಸಿಕೊಳ್ಳುತ್ತಾರೆ. ಬೇಡ ಅಂದರೆ ಒಪ್ಪಿಕೊಂಡು ಮುಂದಿನ ತೋಟಕ್ಕೆ ಹೋಗಿ.

ಒಳಗೆ ಹೋಗುವ ಮುಂಚೆ ಒಂದು ಪ್ರಶ್ನೆ ಕಡ್ಡಾಯವಾಗಿ ಕೇಳಿ: "ಔಷಧಿ ಯಾವಾಗ ಹೊಡೆದಿದ್ದೀರಿ?" ಕೀಟನಾಶಕ ಸಿಂಪಡಿಸಿದ ಮೇಲೆ ಎಷ್ಟು ಹೊತ್ತು ತೋಟಕ್ಕೆ ಇಳಿಯಬಾರದು ಅನ್ನುವುದಕ್ಕೆ ನಿಯಮ ಇರುತ್ತದೆ. ಕೆಲವಕ್ಕೆ ಕೆಲವು ಗಂಟೆ, ಕೆಲವಕ್ಕೆ ಕೆಲವು ದಿನ. ಹಣ್ಣು ಕೀಳುವುದಕ್ಕೂ ಬೇರೆ ಗಡುವು ಇರುತ್ತದೆ. ಆದ್ದರಿಂದ ಮರದಿಂದ ಕಿತ್ತು ಹಾಗೇ ಬಾಯಿಗಿಡಬೇಡಿ, ಅವರೇ ಕೊಟ್ಟರೆ ತಿನ್ನಿ. ಮಕ್ಕಳು ಜೊತೆಗಿದ್ದರೆ ಈ ಮಾತು ಅವರಿಗೆ ಗಾಡಿಯಲ್ಲೇ ಹೇಳಿಬಿಡಿ.

ಇನ್ನೊಂದು, ನಿಮ್ಮ ಚಪ್ಪಲಿ. ಇದನ್ನು ಜನ ಸಣ್ಣ ವಿಷಯ ಅಂದುಕೊಳ್ಳುತ್ತಾರೆ. ಬಾಳೆಗೆ ಬರುವ ಪನಾಮ ಸೊರಗು ರೋಗ ಮಣ್ಣಿನಲ್ಲಿ ಬದುಕುತ್ತದೆ. ಬೂಟಿಗೆ, ಚಕ್ರಕ್ಕೆ, ಗುದ್ದಲಿಗೆ ಅಂಟಿದ ಮಣ್ಣಿನ ಜೊತೆ ಒಂದು ತೋಟದಿಂದ ಇನ್ನೊಂದಕ್ಕೆ ಹೋಗುತ್ತದೆ. ಒಮ್ಮೆ ಬಂದರೆ ಆ ಮಣ್ಣಿನಿಂದ ದಶಕಗಳವರೆಗೆ ಹೋಗುವುದಿಲ್ಲ, ಮದ್ದೂ ಇಲ್ಲ. ಇದರ ಟಿಆರ್4 ಅನ್ನುವ ಬಗೆ 2015ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಟಲ್ಲಿ ಪ್ರದೇಶದ ಬಾಳೆ ತೋಟಗಳಲ್ಲಿ ಕಾಣಿಸಿಕೊಂಡಿತು. ಬಾಳೆ ಬೆಳೆಯುವ ಊರಿನಲ್ಲಿ ಹೊರಗಿನವರನ್ನು ತೋಟದೊಳಗೆ ಬಿಡದಿದ್ದರೆ, ಅಥವಾ ಪಾದರಕ್ಷೆ ತೊಳೆದು ಬನ್ನಿ ಅಂದರೆ, ಅದು ಅವರ ಬದುಕಿನ ಪ್ರಶ್ನೆ. ಕೇಳುವ ಮೊದಲೇ ಮಣ್ಣು ಕೆರೆದು, ತೊಳೆದುಕೊಂಡು ನಿಲ್ಲಿ.

ಹೂ ಬಿಟ್ಟ ಕಾಲದಲ್ಲಿ ಸಾಲುಗಳ ಕೊನೆಯಲ್ಲಿ ಜೇನು ಪೆಟ್ಟಿಗೆ ಇಟ್ಟಿರುತ್ತಾರೆ. ಅದರ ಮುಂದೆ, ಹುಳ ಹಾರುವ ದಾರಿಗೆ ಅಡ್ಡ ನಿಲ್ಲಬೇಡಿ. ಬದಿಗೆ ಅಥವಾ ಹಿಂದೆ ನಿಂತು ನೋಡಿ.

ಮರದ ಹತ್ತಿರ ನಿಂತಾಗ

ಮೊದಲು ಬುಡ ನೋಡಿ. ಎಲ್ಲರೂ ತಲೆಯೆತ್ತಿ ಹಣ್ಣು ನೋಡುತ್ತಾರೆ. ಆದರೆ ಕಥೆ ಶುರುವಾಗುವುದು ಕೆಳಗೆ. ನೆಲದಿಂದ ಒಂದು ಗೇಣು ಮೇಲೆ ಕಾಂಡದಲ್ಲಿ ಒಂದು ಗಂಟು, ಇಲ್ಲವೇ ಸಣ್ಣ ತಿರುವು ಕಂಡರೆ ಅದು ಕಸಿಯ ಗುರುತು. ಕೆಳಗಿನ ಬೇರು ಒಂದು ಮರದ್ದು, ಮೇಲಿನ ಹಣ್ಣು ಇನ್ನೊಂದರದ್ದು.

ಸೇಬಿನ ಬೀಜ ಬಿತ್ತಿದರೆ ತಾಯಿಯಂಥ ಹಣ್ಣು ಬರುವುದಿಲ್ಲ, ಬೇರೆಯದೇ ಬರುತ್ತದೆ. ಹಾಗಾಗಿ ಒಳ್ಳೆಯ ತಳಿ ಉಳಿಯಬೇಕಾದರೆ ಕಸಿಯೇ ದಾರಿ. ಗ್ರ್ಯಾನಿ ಸ್ಮಿತ್ ಅನ್ನುವ ಹಸಿರು ಸೇಬು ಗೊತ್ತಿರಬಹುದು. 1868ರ ಸುಮಾರಿಗೆ ಸಿಡ್ನಿಯ ಬಳಿ ಮರಿಯಾ ಆನ್ ಸ್ಮಿತ್ ಅನ್ನುವ ಅಜ್ಜಿಯ ತೋಟದಲ್ಲಿ ತಾನಾಗಿ ಹುಟ್ಟಿದ ಒಂದೇ ಸಸಿ ಅದು. ಇವತ್ತು ಜಗತ್ತಿನಲ್ಲಿರುವ ಪ್ರತಿಯೊಂದು ಗ್ರ್ಯಾನಿ ಸ್ಮಿತ್ ಮರವೂ ಆ ಸಸಿಯ ರೆಂಬೆಯಿಂದ ರೆಂಬೆಗೆ ಬಂದದ್ದು. ಬೀಜವಿಲ್ಲದ ನೇವಲ್ ಕಿತ್ತಳೆಯದೂ ಇದೇ ಕಥೆ. ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ 1873ರಲ್ಲಿ ಎಲೈಜಾ ಟಿಬೆಟ್ಸ್ ನೆಟ್ಟ ಎರಡು ಮರಗಳಲ್ಲಿ ಒಂದು ಈಗಲೂ ರಸ್ತೆ ಬದಿಯ ಬೇಲಿಯೊಳಗೆ ಜೀವಂತವಾಗಿದೆ. ಅಲ್ಲಿನ ಕಿತ್ತಳೆ ತೋಟಗಳಿಗೆ ಅದು ತಾಯಿ ಮರ. ನೀವು ಹೋದ ಊರಿನಲ್ಲೂ "ಈ ತಳಿಯ ಹಳೇ ಮರ ಎಲ್ಲಿದೆ?" ಅಂತ ಕೇಳಿ ನೋಡಿ. ಇದ್ದರೆ ಖಂಡಿತ ಹೋಗಿ ಬನ್ನಿ.

ಮರಗಳು ಆಳೆತ್ತರಕ್ಕಿಂತ ಸ್ವಲ್ಪವೇ ಮೇಲಿದ್ದು, ತಂತಿಗೆ ಕಟ್ಟಿ ಒತ್ತೊತ್ತಾಗಿ ನಿಂತಿದ್ದರೆ ಅದು ಗಿಡ್ಡ ಬೇರಿನ ತೋಟ, ಅಂದರೆ ಮರವನ್ನು ಗಿಡ್ಡವಾಗಿಯೇ ಇಡುವ ಬೇರಿನ ಮೇಲೆ ಕಸಿ ಕಟ್ಟಿದ್ದು. ಸೇಬಿನಲ್ಲಿ ಹೆಸರಾದ ಗಿಡ್ಡ ಬೇರು ಎಂ9. ಇಂಗ್ಲೆಂಡಿನ ಈಸ್ಟ್ ಮಾಲಿಂಗ್ ಸಂಶೋಧನಾ ಕೇಂದ್ರದಲ್ಲಿ ಸುಮಾರು ನೂರು ವರ್ಷದ ಹಿಂದೆ ವಿಂಗಡಿಸಿ ಹೆಸರಿಟ್ಟ ಬೇರುಗಳಲ್ಲಿ ಅದೂ ಒಂದು. ಏಣಿ ಇಲ್ಲದೆ ನಿಂತಲ್ಲೇ ಹಣ್ಣು ಕೈಗೆ ಸಿಗುತ್ತದೆ. ಹಳೇ ತೋಟದ ದೊಡ್ಡ ಮರಗಳ ನೆರಳಿನ ಸುಖ ಮಾತ್ರ ಇದರಲ್ಲಿಲ್ಲ. ಎರಡೂ ಬಗೆಯ ತೋಟ ಇರುವ ಊರಾದರೆ ಎರಡನ್ನೂ ನೋಡಿ.

ತೋಟದ ನಡುವೆ ಎತ್ತರದ ಕಂಬದ ಮೇಲೆ ದೊಡ್ಡ ಫ್ಯಾನ್ ಕಂಡರೆ ಅದು ಗಾಳಿಯಿಂದ ಕರೆಂಟ್ ಮಾಡುವ ಯಂತ್ರವಲ್ಲ. ಹೂವಿನ ಕಾಲದಲ್ಲಿ ಇಬ್ಬನಿ ಹೆಪ್ಪುಗಟ್ಟುವಷ್ಟು ಚಳಿಯ ರಾತ್ರಿ ನೆಲದ ಹತ್ತಿರದ ಗಾಳಿ ತಣ್ಣಗಾಗಿ ಕೆಳಗೇ ಕೂರುತ್ತದೆ, ಬೆಚ್ಚನೆಯ ಗಾಳಿ ಮೇಲಿರುತ್ತದೆ. ಈ ಫ್ಯಾನ್ ಆ ಬೆಚ್ಚಗಿನ ಗಾಳಿಯನ್ನು ಕೆಳಗೆ ಎಳೆದು ಹೂವು ಉಳಿಸುತ್ತದೆ. ಇನ್ನು ಕೆಲವರು ರಾತ್ರಿಯಿಡೀ ಮರಗಳಿಗೆ ನೀರು ಚಿಮುಕಿಸುತ್ತಾರೆ. ನೀರು ಮಂಜುಗಡ್ಡೆಯಾಗುವಾಗ ಸ್ವಲ್ಪ ಶಾಖ ಬಿಡುತ್ತದೆ. ಹೂವಿನ ಸುತ್ತ ಮಂಜು ಕಟ್ಟಿದ್ದರೂ ಒಳಗೆ ಜೀವ ಉಳಿಯುತ್ತದೆ. ಇಂಥ ರಾತ್ರಿಯಲ್ಲಿ ಊರಿಗೆ ಊರೇ ಎಚ್ಚರವಿರುತ್ತದೆ. ಹೂವಿನ ಕಾಲದಲ್ಲಿ ನಿಮ್ಮ ಕೋಣೆಯ ಪಕ್ಕ ನಡುರಾತ್ರಿ ಯಂತ್ರ ಗದ್ದಲ ಮಾಡಿದರೆ ದೂರು ಹೇಳಲು ಹೋಗಬೇಡಿ. ಒಂದು ವರ್ಷದ ಫಸಲು ಆ ಸದ್ದಿನಲ್ಲಿದೆ.

ಈಗ ಕೀಳುವ ಕೈ ನೋಡಿ. ಇಲ್ಲಿ ಅವಸರ ಬೇಡ. ಒಮ್ಮೆ ಸೇಬಿನ ತೋಟದಲ್ಲಿ ನನಗೂ ಒಂದು ಹಣ್ಣು ಕೀಳಲು ಹೇಳಿದರು. ನಾನು ಹಿಡಿದು ಕೆಳಗೆ ಜಗ್ಗಿದೆ. ಹಣ್ಣಿನ ಜೊತೆ ಬೆರಳುದ್ದದ ಒಂದು ಗಿಡ್ಡ ಕಡ್ಡಿಯೂ ಮುರಿದು ಬಂತು. ತೋಟದ ಯಜಮಾನರು ಬೈಯಲಿಲ್ಲ. ಆ ಕಡ್ಡಿಯನ್ನು ನನ್ನ ಅಂಗೈಯಲ್ಲಿಟ್ಟು ಅದರ ತುದಿಯ ಉಬ್ಬನ್ನು ಉಗುರಿನಿಂದ ತೋರಿಸಿದರು. ಗೋಧಿ ಕಾಳಿಗಿಂತ ಸ್ವಲ್ಪ ದಪ್ಪ, ಮೇಲೆ ಬೂದು ಬಣ್ಣದ ನವಿರು ರೋಮ. "ಇದು ಮುಂದಿನ ವರ್ಷದ ಹೂವು" ಅಂದರು. ಈ ವರ್ಷದ ಹಣ್ಣು ತೂಗುತ್ತಿರುವಾಗಲೇ ಮುಂದಿನ ವರ್ಷದ ಮೊಗ್ಗು ಪಕ್ಕದಲ್ಲೇ ಕೂತಿರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಆಮೇಲೆ ಅವರು ಕೀಳುವುದನ್ನು ನೋಡಿದೆ. ಹಣ್ಣು ಅಂಗೈಯಲ್ಲಿ ಕೂರುತ್ತದೆ, ಬೆರಳು ಒತ್ತುವುದಿಲ್ಲ. ಕೈ ಮೇಲಕ್ಕೆ ಎತ್ತಿ ಸ್ವಲ್ಪ ಹೊರಳಿಸುತ್ತದೆ. ತೊಟ್ಟು ತಾನಾಗಿ ಬಿಡಿಸಿಕೊಳ್ಳುತ್ತದೆ. ಟಕ್ ಅನ್ನುವ ಸಣ್ಣ ಸದ್ದು, ಅಷ್ಟೇ. ಬಿಡಿಸಿಕೊಳ್ಳದಿದ್ದರೆ ಅದು ಇನ್ನೂ ಬಲಿತಿಲ್ಲ ಅಂತ ಅರ್ಥ, ಬಿಟ್ಟುಬಿಡುತ್ತಾರೆ.

ಮಾವಿನ ತೋಟದಲ್ಲಿ ಕೈಯ ಕೆಲಸವೇ ಬೇರೆ. ತೊಟ್ಟು ಮುರಿದ ತಕ್ಷಣ ಸೊನೆ ಚಿಮ್ಮುತ್ತದೆ. ಅದು ಸಿಪ್ಪೆಯ ಮೇಲೆ ಬಿದ್ದರೆ ಸುಟ್ಟು ಕಪ್ಪು ಕಲೆ, ನಿಮ್ಮ ತುಟಿ, ಕೆನ್ನೆಗೆ ತಾಗಿದರೆ ಉರಿ, ಗುಳ್ಳೆ. ಅದಕ್ಕೆ ಉದ್ದ ತೊಟ್ಟು ಬಿಟ್ಟು ಕತ್ತರಿಸುತ್ತಾರೆ. ಆಮೇಲೆ ತೊಟ್ಟನ್ನು ಗಿಡ್ಡ ಮಾಡಿ ಕಾಯಿಯನ್ನು ತಲೆಕೆಳಗಾಗಿ ಇಟ್ಟು ಸೊನೆ ಇಳಿಸುತ್ತಾರೆ. ಸಾಲಾಗಿ ಬೋರಲು ಕೂತ ಕಾಯಿಗಳು ಕಂಡರೆ ಹತ್ತಿರ ಹೋಗಿ ನೋಡಿ, ಆದರೆ ಮುಟ್ಟಿದ ಕೈಯನ್ನು ಮುಖಕ್ಕೆ ಒರೆಸಬೇಡಿ. ದ್ರಾಕ್ಷಿ, ಪ್ಲಮ್ ಮೇಲೆ ಬೂದಿ ಎರಚಿದಂತೆ ಇರುವ ಪುಡಿ ಔಷಧಿಯಲ್ಲ. ಅದು ಹಣ್ಣೇ ಮಾಡಿಕೊಂಡ ಮೇಣ. ಅದನ್ನು ಉಳಿಸಲು ಗೊಂಚಲನ್ನು ತೊಟ್ಟು ಹಿಡಿದೇ ಎತ್ತುತ್ತಾರೆ.

ಏನು ಕೇಳಬೇಕು

ಎಷ್ಟು ಎಕರೆ, ಎಷ್ಟು ಲಾಭ ಅಂತ ಶುರು ಮಾಡಬೇಡಿ. ಯಾರಿಗೂ ಇಷ್ಟವಾಗುವುದಿಲ್ಲ. "ಈ ಮರಕ್ಕೆ ಎಷ್ಟು ವರ್ಷ?" ಒಳ್ಳೆಯ ಆರಂಭ. "ಈ ವರ್ಷ ಕಾಯಿ ಹೇಗೆ ಕಚ್ಚಿದೆ?" ಅನ್ನುವುದೂ ಚೆನ್ನಾಗಿರುತ್ತದೆ. ಮಾವು, ಸೇಬು ಹಲವು ಕಡೆ ಒಂದು ವರ್ಷ ಮೈತುಂಬಾ ಬಿಟ್ಟು ಮರುವರ್ಷ ವಿಶ್ರಾಂತಿ ತೆಗೆದುಕೊಳ್ಳುತ್ತವೆ. ಈ ಒಂದು ಪ್ರಶ್ನೆಯಿಂದ ಮಳೆ, ಆಲಿಕಲ್ಲು, ಹೂವು ಉದುರಿದ್ದು ಎಲ್ಲ ಮಾತಿಗೆ ಬರುತ್ತದೆ.

ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ ಇದು: "ಮನೆಗೆ ಅಂತ ನೀವು ಯಾವ ಹಣ್ಣು ಇಟ್ಟುಕೊಳ್ಳುತ್ತೀರಿ?" ಮಾರಾಟಕ್ಕೆ ಹೋಗುವ ತಳಿ ದೂರದ ಪ್ರಯಾಣ ತಡೆಯಬೇಕು, ಬಣ್ಣ ಕಟ್ಟಬೇಕು. ಮನೆಗೆ ಇಟ್ಟುಕೊಳ್ಳುವ ತಳಿಗೆ ಆ ಕಷ್ಟ ಇಲ್ಲ, ರುಚಿ ಇದ್ದರೆ ಸಾಕು. ಹಿತ್ತಲ ಮೂಲೆಯ ಒಂದೆರಡು ಮರಗಳಲ್ಲಿ ಅದು ಇರುತ್ತದೆ. ಪೇಟೆಗೆ ಅದು ಬರುವುದೇ ಇಲ್ಲ. ಕೇಳಿದರೆ ಎಷ್ಟೋ ಸಲ ಒಂದು ಕೊಯ್ದು ಕೊಡುತ್ತಾರೆ. ನಿಂತಲ್ಲೇ ತಿನ್ನಿ, ಹೆಸರು ಬರೆದುಕೊಳ್ಳಿ.

ಪೆಟ್ಟಿಗೆಯ ಹಿಂದೆ

ತೋಟದಿಂದ ಗಾಡಿ ಹೊರಟರೆ ಅದು ಎಲ್ಲಿಗೆ ಹೋಗುತ್ತದೆ ಕೇಳಿ, ನೀವೂ ಹೋಗಿ. ವಿಂಗಡಿಸುವ ಶೆಡ್ಡಿನಲ್ಲಿ ಗೋಡೆ ಬದಿ ನಿಂತು ನೋಡಿ. ಗಾಡಿ, ತಳ್ಳುಗಾಡಿ ಓಡಾಡುವ ದಾರಿಗೆ ಬರಬೇಡಿ. ಹಣ್ಣು ಮುಟ್ಟಬೇಡಿ. ಕೆಲಸ ಮಾಡುವವರ ಮುಖ ಬರುವ ಫೋಟೋಗೆ ಒಂದು ಮಾತು ಕೇಳಿ.

ಅಲ್ಲಿ ಕೈಗಳ ವೇಗ ನೋಡುವುದೇ ಒಂದು ಸೊಗಸು. ಗಾತ್ರ, ಬಣ್ಣ, ಕಲೆ ಮೂರನ್ನೂ ಒಂದೇ ನೋಟದಲ್ಲಿ ಅಳೆದು ಹಣ್ಣು ತನ್ನ ಪೆಟ್ಟಿಗೆ ಸೇರುತ್ತದೆ. ಗಾಳಿಗೆ ಕೊಂಬೆ ಉಜ್ಜಿ ಗೀರು ಬಿದ್ದದ್ದು, ಆಲಿಕಲ್ಲಿನ ಒಣಗಿದ ಗುರುತು ಇರುವುದು ಎಲ್ಲ ಎರಡನೇ ದರ್ಜೆಗೆ ಹೋಗುತ್ತದೆ. ಗಾಯ ಒಣಗಿ ಸಿಪ್ಪೆ ಗಟ್ಟಿಯಾಗಿದ್ದರೆ ರುಚಿಗೆ ಏನೂ ಆಗಿರುವುದಿಲ್ಲ. ನೀವು ಆ ದಿನವೇ, ಮರುದಿನವೇ ತಿನ್ನುವವರಾದರೆ ಆ ಪೆಟ್ಟಿಗೆಯಿಂದಲೇ ಕೊಳ್ಳಿ. ಬೆಲೆಯೂ ಕಡಿಮೆ.

ಒಂದು ಎಚ್ಚರ. ಸೇಬಿನ ಊರು ಅಂದ ಮಾತ್ರಕ್ಕೆ ಅಲ್ಲಿ ಸಿಗುವ ಸೇಬು ಈ ವಾರದ್ದೇ ಆಗಿರಬೇಕಿಲ್ಲ. 1920ರ ದಶಕದಲ್ಲಿ ಕೇಂಬ್ರಿಜ್‌ನಲ್ಲಿ ಫ್ರಾಂಕ್ಲಿನ್ ಕಿಡ್ ಮತ್ತು ಸಿರಿಲ್ ವೆಸ್ಟ್ ಅನ್ನುವ ಇಬ್ಬರು ಕೋಣೆಯ ಆಮ್ಲಜನಕ ತಗ್ಗಿಸಿ, ತಂಪಾಗಿಟ್ಟು ಸೇಬಿನ ಉಸಿರಾಟ ನಿಧಾನ ಮಾಡುವುದನ್ನು ತೋರಿಸಿದರು. ಈಗ ಅಂಥ ಗೋದಾಮುಗಳಲ್ಲಿ ಸೇಬು ತಿಂಗಳುಗಟ್ಟಲೆ ಗಟ್ಟಿಯಾಗಿ ನಿಲ್ಲುತ್ತದೆ. ತಪ್ಪೇನಿಲ್ಲ. ಆದರೆ "ಇದು ಗೋದಾಮಿನದ್ದಾ, ಮರದ್ದಾ?" ಅಂತ ಕೇಳಿ ಕೊಳ್ಳಿ.

ಕೊಳ್ಳುವುದು

ಪ್ರಯಾಣಿಕರು ತಪ್ಪುವುದು ಇಲ್ಲೇ. ಎಲ್ಲ ಹಣ್ಣನ್ನೂ ಒಂದೇ ಲೆಕ್ಕದಲ್ಲಿ ಕೊಳ್ಳುತ್ತಾರೆ. ಹಣ್ಣುಗಳಲ್ಲಿ ಎರಡು ಬಗೆ. ಮಾವು, ಬಾಳೆ, ಪಪ್ಪಾಯಿ, ಸಪೋಟ, ಸೇಬು, ಪೇರ್, ಪೀಚ್, ಬೆಣ್ಣೆಹಣ್ಣು ಇವೆಲ್ಲ ಬಲಿತ ಮೇಲೆ ಕಿತ್ತರೆ ಚೀಲದಲ್ಲೂ ಮಾಗುತ್ತವೆ. ದ್ರಾಕ್ಷಿ, ಕಿತ್ತಳೆ, ಚೆರ್ರಿ, ಸ್ಟ್ರಾಬೆರಿ, ಅನಾನಸ್, ದಾಳಿಂಬೆ, ಲಿಚಿ ಹಾಗಲ್ಲ. ಕಿತ್ತ ಕ್ಷಣದಲ್ಲಿ ಎಷ್ಟು ಸಿಹಿಯೋ ಅಷ್ಟೇ. ಮನೆಗೆ ಒಯ್ದು ನಾಲ್ಕು ದಿನ ಇಟ್ಟರೆ ಮೆತ್ತಗಾಗಬಹುದು, ಸಿಹಿಯಾಗುವುದಿಲ್ಲ. ಹಾಗಾಗಿ ಎರಡನೇ ಬಗೆಯದ್ದನ್ನು ಒಂದು ರುಚಿ ನೋಡದೆ ಕೊಳ್ಳಬೇಡಿ. ಮೊದಲ ಬಗೆಯದ್ದನ್ನು ನಿಮ್ಮ ಪ್ರಯಾಣದ ದಿನ ಎಣಿಸಿ ಕೊಳ್ಳಿ: ಇವತ್ತಿಗೆ ಎರಡು ಹಣ್ಣು, ನಾಳಿದ್ದಿಗೆ ನಾಲ್ಕು ದೋರೆಗಾಯಿ, ಮನೆಗೆ ಬಲಿತ ಕಾಯಿ.

ಹೀಗೆ ಮಾಗುವುದರ ಹಿಂದೆ ಎಥಿಲೀನ್ ಅನ್ನುವ ಅನಿಲ ಇದೆ. 1901ರಲ್ಲಿ ರಷ್ಯಾದ ದಿಮಿತ್ರಿ ನೆಲ್ಯುಬೊವ್ ಗ್ಯಾಸ್ ದೀಪದಿಂದ ಸೋರಿದ ಎಥಿಲೀನ್ ಗಿಡಗಳ ಬೆಳವಣಿಗೆ ಬದಲಿಸುವುದನ್ನು ಕಂಡುಕೊಂಡರು. ಹಣ್ಣು ತಾನೇ ಈ ಅನಿಲ ಬಿಡುತ್ತದೆ ಎಂದು 1934ರಲ್ಲಿ ಇಂಗ್ಲೆಂಡಿನ ರಿಚರ್ಡ್ ಗೇನ್ ತೋರಿಸಿದರು. ಮಾಗಿದ ಒಂದು ಹಣ್ಣು ಪಕ್ಕದ ಕಾಯಿಗಳನ್ನೂ ಮಾಗಿಸುವುದು ಇದರಿಂದಲೇ. ಚೀಲ ಕಟ್ಟುವಾಗ ಈ ವಿಷಯ ಮತ್ತೆ ಬರುತ್ತದೆ.

ಬಣ್ಣ ನಂಬಬೇಡಿ. ಕಿತ್ತಳೆಗೆ ಕಿತ್ತಳೆ ಬಣ್ಣ ಬರಲು ರಾತ್ರಿ ತಂಪಿರಬೇಕು. ಸದಾ ಸೆಕೆ ಇರುವ ಕಡೆ ಪೂರ್ತಿ ಹಣ್ಣಾದರೂ ಸಿಪ್ಪೆ ಹಸಿರಾಗಿಯೇ ಉಳಿಯುತ್ತದೆ. ಅಲ್ಲಿ ಬಣ್ಣಕ್ಕಿಂತ ತೂಕ ನೋಡಿ. ಒಂದೇ ಗಾತ್ರದ ಎರಡು ಹಣ್ಣಲ್ಲಿ ಕೈಗೆ ಭಾರ ಅನ್ನಿಸಿದ್ದರಲ್ಲಿ ರಸ ಜಾಸ್ತಿ. ಮಾವಿನಲ್ಲಿ ಕೆಂಪು ಕೆನ್ನೆ ಬಿಸಿಲಿನ ಗುರುತು, ಮಾಗಿದ ಗುರುತಲ್ಲ. ತೊಟ್ಟಿನ ಸುತ್ತ ಭುಜ ಎದ್ದು ತುಂಬಿಕೊಂಡಿದೆಯಾ ನೋಡಿ. ತುಂಬಿದ್ದರೆ ಕಾಯಿ ಬಲಿತಿದೆ. ಪೇರ್ ಹಣ್ಣು ಒಳಗಿನಿಂದ ಮಾಗುತ್ತದೆ. ಹೊಟ್ಟೆ ಒತ್ತಿ ಮೆತ್ತಗಿದ್ದರೆ ಒಳಗೆ ಆಗಲೇ ಹಾಳು. ತೊಟ್ಟಿನ ಪಕ್ಕದ ಕುತ್ತಿಗೆಯನ್ನು ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿ, ಅಲ್ಲಿ ಸ್ವಲ್ಪ ಬಿಟ್ಟುಕೊಟ್ಟರೆ ಹದ. ಬೆಣ್ಣೆಹಣ್ಣು ಮರದಲ್ಲಿ ಮೆತ್ತಗಾಗುವುದೇ ಇಲ್ಲ, ಕಿತ್ತ ಮೇಲೇ. ಗಟ್ಟಿ ಇದ್ದದ್ದು ಕೊಟ್ಟರೆ ಮೋಸ ಅಂದುಕೊಳ್ಳಬೇಡಿ.

ಚೀಲ ಕಟ್ಟುವುದು

ತೊಳೆಯಬೇಡಿ, ತಿನ್ನುವ ಮುಂಚೆ ತೊಳೆದರೆ ಸಾಕು. ಒದ್ದೆ ಹಣ್ಣಿಗೆ ಬೂಸ್ಟು ಬೇಗ. ಪ್ಲಾಸ್ಟಿಕ್ ಕವರಿಗಿಂತ ರಟ್ಟಿನ ಪೆಟ್ಟಿಗೆ ಒಳ್ಳೆಯದು. ಅಡಿಗೆ ಹಳೇ ಪೇಪರ್ ಉಂಡೆ ಮಾಡಿ ಹಾಕಿ, ಒಂದೇ ಪದರ ಜೋಡಿಸಿ. ಎರಡನೇ ಪದರ ಹಾಕಲೇಬೇಕಾದರೆ ನಡುವೆ ಮತ್ತೆ ಪೇಪರ್. ಒಂದು ಹಣ್ಣಿನ ತೊಟ್ಟು ಇನ್ನೊಂದಕ್ಕೆ ಚುಚ್ಚದಂತೆ ನೋಡಿಕೊಳ್ಳಿ. ಎಷ್ಟೋ ಕೊಳೆತ ಅಲ್ಲಿಂದಲೇ ಶುರು.

ಮಾಗಿದ ಬಾಳೆಹಣ್ಣನ್ನು ಕಾಯಿಗಳ ಪೆಟ್ಟಿಗೆಯಲ್ಲಿ ಸೇರಿಸಬೇಡಿ, ಬೇಗ ಮಾಗಲಿ ಅನ್ನುವ ಉದ್ದೇಶ ಇದ್ದರೆ ಹೊರತು. ಬಿಸಿಲಲ್ಲಿ ನಿಲ್ಲಿಸಿದ ಮುಚ್ಚಿದ ಗಾಡಿಯೊಳಗೆ ಹಣ್ಣು ಬೆಂದೇ ಹೋಗುತ್ತದೆ. ಊಟಕ್ಕೆ ಇಳಿದಾಗ ಪೆಟ್ಟಿಗೆಯನ್ನೂ ನೆರಳಿಗೆ ಇಳಿಸಿ. ಚೆರ್ರಿ, ಸ್ಟ್ರಾಬೆರಿ, ದ್ರಾಕ್ಷಿಗೆ ತಂಪು ಬೇಕು. ಮಾವು, ಬಾಳೆಗೆ ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ಚಳಿ ಆಗಿಬರುವುದಿಲ್ಲ. ಮಾಗದ ಕಾಯಿಯನ್ನು ಫ್ರಿಜ್‌ಗೆ ಹಾಕಿದರೆ ಆಮೇಲೆ ಅದು ಸರಿಯಾಗಿ ಮಾಗುವುದಿಲ್ಲ.

ಗಡಿ ದಾಟುವವರಿಗೆ

ದೇಶದ ಗಡಿ ದಾಟುವವರು ಕೊಳ್ಳುವ ಮುಂಚೆಯೇ ನಿಯಮ ನೋಡಿ. ಹೊರಗೆ ಏನೂ ಕಾಣದ ಹಣ್ಣಿನೊಳಗೆ ಹಣ್ಣು ನೊಣದ ಮೊಟ್ಟೆ, ಹುಳ ಇರಬಹುದು. ಒಂದು ಹಣ್ಣು ಸಾಕು, ಹೊಸ ಜಾಗದಲ್ಲಿ ಅದು ನೆಲೆಯೂರಲು. ನೀವು ಈಗಷ್ಟೇ ನೋಡಿ ಬಂದಂಥದ್ದೇ ಇನ್ನೊಂದು ಊರು ಅದಕ್ಕೆ ಬೆಲೆ ತೆರಬೇಕಾಗುತ್ತದೆ. 2019ರ ಡಿಸೆಂಬರ್ 14ರಿಂದ ಯುರೋಪಿಯನ್ ಒಕ್ಕೂಟಕ್ಕೆ ಹೊರಗಿನಿಂದ ತಾಜಾ ಹಣ್ಣು ಒಯ್ಯಲು ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅನಾನಸ್, ಬಾಳೆ, ತೆಂಗಿನಕಾಯಿ, ಖರ್ಜೂರ, ಡೂರಿಯನ್ ಈ ಐದಕ್ಕೆ ಮಾತ್ರ ವಿನಾಯಿತಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಒಳಬರುವಾಗ ತುಂಬಿಕೊಡುವ ಘೋಷಣೆಯಲ್ಲಿ ಬರೆಯದೆ ಚೀಲದಲ್ಲಿ ಒಂದು ಸೇಬು ಇಟ್ಟುಕೊಂಡಿದ್ದರೂ ದಂಡ ಬೀಳಬಹುದು. ವಿಮಾನದಲ್ಲಿ ಕೊಟ್ಟ ಹಣ್ಣಿಗೂ ಇದೇ ನಿಯಮ. ಅನುಮಾನ ಇದ್ದರೆ ಇದೆ ಅಂತ ಬರೆದುಬಿಡಿ. ಹೆಚ್ಚೆಂದರೆ ಹಣ್ಣು ಹೋಗುತ್ತದೆ.

ದೇಶದ ಒಳಗೂ ಗಡಿಗಳಿವೆ. ದಕ್ಷಿಣ ಆಸ್ಟ್ರೇಲಿಯಾದ ರಿವರ್‌ಲ್ಯಾಂಡ್ ಹಣ್ಣಿನ ಸೀಮೆಗೆ ಹೋಗುವ ಹೆದ್ದಾರಿಯಲ್ಲಿ ಗಾಡಿ ತಡೆದು ಹಣ್ಣು ಹುಡುಕುತ್ತಾರೆ. ಕ್ಯಾಲಿಫೋರ್ನಿಯಾ ಪ್ರವೇಶಿಸುವ ರಸ್ತೆಗಳಲ್ಲೂ ತಪಾಸಣಾ ಕೇಂದ್ರಗಳಿವೆ. ಅಂಥ ಕಡೆ ಹೋಗುವುದಾದರೆ ಕೊಂಡದ್ದನ್ನು ದಾರಿಯಲ್ಲೇ ತಿಂದು ಮುಗಿಸುವಷ್ಟು ಮಾತ್ರ ಕೊಳ್ಳಿ.

ಮನೆ ಸೇರಿದ ರಾತ್ರಿ ಎಷ್ಟೇ ಸುಸ್ತಾಗಿದ್ದರೂ ಪೆಟ್ಟಿಗೆ ಬಿಚ್ಚಿ. ಒಂದೊಂದನ್ನೇ ತಿರುಗಿಸಿ ನೋಡಿ, ಪೆಟ್ಟಾದದ್ದನ್ನು ಬೇರೆ ಮಾಡಿ. ಊರಿನ ಹೆಸರು, ತಳಿಯ ಹೆಸರು, ತಾರೀಖು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಹಾಕಿ. ಬಲಿತ ಕಾಯಿಗಳನ್ನು ಗಾಳಿ ಆಡುವ ಕಡೆ ಬಿಡಿಬಿಡಿಯಾಗಿ ಹರವಿ. ಬೆಳಿಗ್ಗೆ ಎದ್ದು ತೊಟ್ಟಿನ ಹತ್ತಿರ ಮೂಗಿಟ್ಟು ನೋಡಿ. ಮೊದಲು ಘಮ ಬಂದದ್ದನ್ನು ಮೊದಲು ಕೊಯ್ಯಿರಿ.